ಓಡಿ ಬಂದ ತಂದೆ

ದೇವರನ್ನು ತಂದೆಯೆಂದು ಕರೆಯದ ಮತವು ವಿರಳ. ವೇದದ ಋಷಿಗಳು ಕರೆದಿದ್ದಾರೆ, ನಮ್ಮ ಶಿವಶರಣರು ಕರೆದಿದ್ದಾರೆ, ಪಂಢರಪುರದ ದಾರಿ ಹಿಡಿದ ವಾರಕರಿಗಳೂ ಕರೆದಿದ್ದಾರೆ. ಆದರೆ ಆ ಶಬ್ದವನ್ನು ನಿತ್ಯಪ್ರಾರ್ಥನೆಯ ಹೊಸ್ತಿಲಲ್ಲಿಯೇ ನಿಲ್ಲಿಸಿ, ಉಳಿದ ಮಾತುಗಳನ್ನೆಲ್ಲ ಅದರ ಮೂಲಕವೇ ಒಳಗೆ ಬಿಟ್ಟುಕೊಂಡದ್ದು ಕ್ರೈಸ್ತಮತದ ವಿಶೇಷ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯು ಗ್ರೀಕ್ ಮೂಲದಲ್ಲಿ ಆರಂಭವಾಗುವದು 'ತಂದೆ' ಎಂಬ ಸಂಬೋಧನೆಯಿಂದಲೇ. ಕನ್ನಡದಲ್ಲಿ ವಿಶೇಷಣವು ಮೊದಲು ಬಂದು ವಿಶೇಷ್ಯವು ಕೊನೆಗೆ ನಿಲ್ಲುವದರಿಂದ ಅನುವಾದದಲ್ಲಿ ಆ ಶಬ್ದವು ತುಸು ಹಿಂದೆ ಸರಿದಿದೆ. ಅದರ ಭಾರವೇನೂ ಕಡಿಮೆಯಾಗಿಲ್ಲ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಒಂದು ಪ್ರಶ್ನೆ ಏಳುತ್ತದೆ. ದೇವರನ್ನು ಕಂಡವರಿಲ್ಲ, ತಂದೆಯನ್ನು ಕಾಣದವರು ಕಡಿಮೆ. ಕಂಡುದರಿಂದ ಕಾಣದುದನ್ನು ತಿಳಿಸುವದೇ ಉಪಮೆಯ ಕೆಲಸ. ಹಾಗಾದರೆ ಮನೆಯ ತಂದೆಯು ದೇವರ ಕಾಳಜಿಗೆ ಎಷ್ಟರ ಮಟ್ಟಿಗೆ ಕನ್ನಡಿಯಾಗಬಲ್ಲನು? ಕನ್ನಡಿಯಲ್ಲಿ ಕಲೆಯಿದ್ದರೆ ಏನು ಗತಿ? ಇದು ಮತಬೋಧಕರ ಪ್ರಶ್ನೆಯೆಂದು ನಾವು ಬಿಟ್ಟುಬಿಡುವಂತಿಲ್ಲ. ಇದು ಶಬ್ದದ ಪ್ರಶ್ನೆ, ಕಥನದ ಪ್ರಶ್ನೆ, ಮಕ್ಕಳಿಗೆ ಕಥೆ ಹೇಳುವ ಪ್ರತಿಯೊಬ್ಬ ಶಿಕ್ಷಕನ ಪ್ರಶ್ನೆ. ಲೂಕನು ಬರೆದ ಸುವಾರ್ತೆಯ ೧೫ನೆಯ ಅಧ್ಯಾಯದಲ್ಲಿ ಬರುವ ಒಂದು ದೃಷ್ಟಾಂತಕಥೆಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಬೇಕೆಂದು ನಾವು ಬಯಸಿದ್ದೇವೆ. ಕಥೆಯು ಪರಮತದ್ದೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಒಳ್ಳೆಯ ಕಥೆಗೆ ಗಡಿಯಿಲ್ಲವೆಂಬುದನ್ನು ಗಡಿನಾಡಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾದುದಿಲ್ಲ.

೧

ಕಥೆಯು ಚಿಕ್ಕದು. ಒಬ್ಬನಿಗೆ ಇಬ್ಬರು ಗಂಡುಮಕ್ಕಳು. ಕಿರಿಯವನು ತಂದೆಯು ಬದುಕಿರುವಾಗಲೇ ತನ್ನ ಪಾಲು ಬೇಡಿದನು. ತಂದೆಯು ಹಂಚಿಕೊಟ್ಟನು. ಕೆಲದಿನಗಳಲ್ಲಿ ಮಗನು ಎಲ್ಲವನ್ನೂ ಗಂಟುಕಟ್ಟಿಕೊಂಡು ದೂರದೇಶಕ್ಕೆ ಹೋಗಿ ಹಣವನ್ನೆಲ್ಲ ಹಾಳುಮಾಡಿದನು. ಆ ನಾಡಿಗೆ ಬರ ಬಿದ್ದಿತು. ಹೊಟ್ಟೆಗಾಗಿ ಅವನು ಹಂದಿ ಕಾಯುವ ಆಳಾದನು. ಯಹೂದ್ಯನ ಪಾಲಿಗೆ ಇದಕ್ಕಿಂತ ಕೀಳಾದ ಸ್ಥಿತಿಯಿಲ್ಲ. ಕೊನೆಗೆ ಬುದ್ಧಿ ತಿಳಿದು, ತಂದೆಯ ಮನೆಯಲ್ಲಿ ಕೂಲಿಯವನಾದರೂ ಆಗಿರುವೆನೆಂದು ಹೊರಟು ಬಂದನು. ತಂದೆಯು ದೂರದಿಂದಲೇ ಅವನನ್ನು ಕಂಡು ಓಡಿ ಹೋಗಿ ಅಪ್ಪಿಕೊಂಡನು. ಮನೆಯಲ್ಲಿ ಹಬ್ಬವಾಯಿತು. ಹೊಲದಿಂದ ಬಂದ ಹಿರಿಯ ಮಗನು ಇದನ್ನು ಕೇಳಿ ಸಿಟ್ಟಾಗಿ ಹೊರಗೇ ನಿಂತನು. ತಂದೆಯು ಹೊರಗೆ ಬಂದು ಅವನನ್ನೂ ಬೇಡಿಕೊಂಡನು. ಅಲ್ಲಿಗೆ ಕಥೆ ನಿಲ್ಲುತ್ತದೆ.

ಈ ಕಥೆಯು ಕನ್ನಡಕ್ಕೆ ಬಂದು ಸುಮಾರು ಎರಡು ಶತಮಾನಗಳಾದವು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಅನುವಾದಕ್ಕೆ ಕೈಹಚ್ಚಿದರು. ೧೮೩೧ರ ಹೊತ್ತಿಗೆ ಬೈಬಲ್ಲು ಪೂರ್ತಿಯಾಗಿ ಕನ್ನಡದಲ್ಲಿ ದೊರೆಯುವಂತಾಯಿತು. ಮುಂದೆ ೧೮೯೪ರ ತಮ್ಮ ನಿಘಂಟುವಿನಿಂದ ನಮಗೆಲ್ಲ ಚಿರಪರಿಚಿತರಾದ ಕಿಟ್ಟೆಲ್ಲರು ೧೮೬೨ರಲ್ಲಿ 'ಕಥಾಮಾಲೆ'ಯನ್ನು ಹೊರತಂದು ಕ್ರಿಸ್ತಕಥೆಯನ್ನು ನಮ್ಮ ದೇಶದ ಹಾಡುಗಟ್ಟಿನಲ್ಲಿ ಹೇಳುವ ಸಾಹಸ ಮಾಡಿದರು. ಹೀಗೆ ಗದ್ಯದಲ್ಲಿಯೂ ಪದ್ಯದಲ್ಲಿಯೂ ಕ್ರಿಸ್ತಕಥೆಯು ನಮ್ಮ ನುಡಿಗೆ ಒಗ್ಗಿದೆ.

ಆದರೆ ಈ ಕಥೆಗೆ ಅಂಟಿಕೊಂಡ ಹೆಸರಿನ ಬಗೆಗೆ ನಮ್ಮದೊಂದು ತಕರಾರಿದೆ. ಇಂಗ್ಲಿಷಿನಲ್ಲಿ ಇದಕ್ಕೆ 'ದುಂದುಗಾರ ಮಗ' ಎಂಬರ್ಥದ ಹೆಸರು; ಕನ್ನಡದಲ್ಲಿ 'ತಪ್ಪಿಹೋದ ಮಗ' ಎಂದು ರೂಢಿ. ಮೂಲದಲ್ಲಿ ಈ ಶಿರೋನಾಮೆಗಳಿಲ್ಲ. ಇವು ನಂತರದವರು ಕೊಟ್ಟವು. ಕಥೆಯ ಮೊದಲ ವಾಕ್ಯದ ಕರ್ತೃಪದವೇ ತಂದೆ. ಕೊನೆಯ ಮಾತೂ ತಂದೆಯದು. ಹೆಸರು ಮಾತ್ರ ಮಗನದು! ಹೆಸರು ತಪ್ಪಿದುದರಿಂದ ಪಾಠವೂ ತಪ್ಪುತ್ತದೆ. ತರಗತಿಯಲ್ಲಿ ಇದು ತುಂಟ ಹುಡುಗರನ್ನು ಹೆದರಿಸುವ ಕಥೆಯಾಗುತ್ತದೆ: ಹಿರಿಯರ ಮಾತು ಮೀರಿದರೆ ಹಂದಿ ಕಾಯಬೇಕಾದೀತು, ಎಚ್ಚರ! ಜರ್ಮನಿಯ ಹೆಲ್ಮುಟ್ ಟೀಲಿಕೆಯವರ ಪ್ರವಚನಗಳು ೧೯೫೯ರಲ್ಲಿ ಇಂಗ್ಲಿಷಿಗೆ ಬಂದಾಗ ಆ ಪುಸ್ತಕಕ್ಕೆ 'ಕಾಯುವ ತಂದೆ' ಎಂಬರ್ಥದ ಹೆಸರಿಟ್ಟರು. ಅದು ಯೋಗ್ಯವಾದ ಹೆಸರು. ಕಥಾನಾಯಕನನ್ನು ಅದು ಸರಿಯಾಗಿ ಗುರುತಿಸುತ್ತದೆ.

೨

ಆ ತಂದೆಯನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಲೂಕನು ಈ ಅಧ್ಯಾಯದಲ್ಲಿ ಒಂದರ ಹಿಂದೆ ಒಂದರಂತೆ ಮೂರು ಕಥೆಗಳನ್ನು ಪೋಣಿಸಿದ್ದಾನೆ. ನೂರು ಕುರಿಗಳಲ್ಲಿ ಒಂದು ಕಳೆಯುತ್ತದೆ. ಕುರುಬನು ಹುಡುಕಿಕೊಂಡು ಹೋಗುತ್ತಾನೆ. ಹತ್ತು ನಾಣ್ಯಗಳಲ್ಲಿ ಒಂದು ಕಳೆಯುತ್ತದೆ. ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ಹುಡುಕುತ್ತಾಳೆ. ಇಬ್ಬರು ಮಕ್ಕಳಲ್ಲಿ ಒಬ್ಬನು ಕಳೆಯುತ್ತಾನೆ. ಆದರೆ ತಂದೆಯು ಹುಡುಕಲು ಹೋಗುವದಿಲ್ಲ. ನೂರು, ಹತ್ತು, ಎರಡು ಎಂದು ಸಂಖ್ಯೆ ಇಳಿದಂತೆ ಕಳೆದುದರ ಬೆಲೆ ಏರುತ್ತಿರಲು, ಬೆಲೆಯು ಎಲ್ಲಕ್ಕೂ ಹೆಚ್ಚಾದಲ್ಲಿಯೇ ಹುಡುಕಾಟ ನಿಂತಿದೆ. ಇದೇಕೆ?

ಮಗನಿಗೆ ಮನಸ್ಸುಂಟು ಎಂಬುದೇ ಉತ್ತರ. ಕುರಿಯನ್ನು ಹೆಗಲ ಮೇಲೆ ಹೊತ್ತು ತರಬಹುದು. ಮಗನನ್ನು ಹೊತ್ತು ತಂದರೆ ಬರುವದು ಮೈ ಮಾತ್ರ. ಪಾಲು ಕೇಳಿದಾಗ ಕೊಟ್ಟ ತಂದೆಯು, ಹೊರಟಾಗ ದಾರಿಗೆ ಅಡ್ಡ ನಿಲ್ಲದ ತಂದೆಯು, ಹಿಂದೆ ಬರುವ ಸ್ವಾತಂತ್ರ್ಯವನ್ನೂ ಮಗನಿಗೇ ಬಿಟ್ಟಿದ್ದಾನೆ. ಇದನ್ನು ಕೆಲವರು ದೌರ್ಬಲ್ಯವೆಂದಾರು. ನಮ್ಮ ಊರುಗಳಲ್ಲಿ ಇಂಥವನನ್ನು ಕಟ್ಟೆಯ ಮೇಲಿನ ಹಿರಿಯರು ಮೆಚ್ಚಲಾರರು. 'ಮಕ್ಕಳನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಬಾರದವನು' ಎಂದು ಅಂದಾರು. ಆದರೆ ಹಿಡಿತ ಬೇರೆ, ಕಾಳಜಿ ಬೇರೆ. ಹಿಡಿದು ಇಟ್ಟುಕೊಂಡುದು ಸ್ವತ್ತು. ಬಿಟ್ಟರೂ ತಿರುಗಿ ಬಂದುದು ಸಂಬಂಧ.

ಹಾಗೆಂದು ತಂದೆಯು ಸುಮ್ಮನೆ ಕುಳಿತಿಲ್ಲ. ಮಗನಿನ್ನೂ ದೂರದಲ್ಲಿರುವಾಗಲೇ ಕಂಡನೆಂದು ಕಥೆ ಹೇಳುತ್ತದೆ. ದೂರದಲ್ಲಿರುವಾಗಲೇ ಕಂಡನೆಂದರೆ ದಾರಿಯ ಮೇಲೆ ಕಣ್ಣಿತ್ತೆಂದೇ ಅರ್ಥ. ಎಷ್ಟು ದಿನಗಳಿಂದ ಇತ್ತೆಂಬುದನ್ನು ಕಥೆಗಾರನು ಹೇಳಿಲ್ಲ. ಆ ಕಾಯುವಿಕೆಯನ್ನು ಅಳೆಯುವ ಕೆಲಸವನ್ನು ನಮಗೇ ಬಿಟ್ಟಿದ್ದಾನೆ.

ಆಮೇಲೆ ಆ ಓಟ. ಹನ್ನೂರದಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ರುಮಾಲು ಸುತ್ತಿದ, ಹತ್ತು ಜನರು ಎದ್ದು ನಿಂತು ನಮಸ್ಕರಿಸುವ ಒಬ್ಬ ಹಿರಿಯನು ಧೋತರವನ್ನು ಎತ್ತಿಕಟ್ಟಿ ಹಾಡಹಗಲಿನಲ್ಲಿ ಓಣಿಯೊಳಗಿಂದ ಓಡುವದನ್ನು ನಾವು ಊಹಿಸಬಲ್ಲೆವೇ? ಮಧ್ಯಪ್ರಾಚ್ಯದಲ್ಲಿ ಬಹುಕಾಲ ನೆಲೆಸಿ ಅಲ್ಲಿಯ ಹಳ್ಳಿಗರ ನಡೆನುಡಿಗಳನ್ನು ಬಲ್ಲವರಾಗಿದ್ದ ಕೆನೆತ್ ಬೇಯ್ಲಿ ಎಂಬ ವಿದ್ವಾಂಸರು ೧೯೭೬ರ ತಮ್ಮ ಗ್ರಂಥದಲ್ಲಿ ಇದನ್ನೇ ಎತ್ತಿ ತೋರಿಸಿದರು: ಅಲ್ಲಿ ಮರ್ಯಾದಸ್ಥನಾದ ಹಿರಿಯನು ಓಡುವವನಲ್ಲ. ಊರ ಜನರು ಮಗನನ್ನು ಬೈಯುವ ಮೊದಲೇ, ಅವನು ಅವಮಾನದಿಂದ ತಲೆತಗ್ಗಿಸಿ ಅವರ ನಡುವೆ ನಡೆದುಬರುವ ಮೊದಲೇ, ತಂದೆಯು ಆ ಅವಮಾನವನ್ನು ತಾನು ಹೊತ್ತುಕೊಂಡನು. ಕಥೆಯ ಶಿಖರವಿದು. ದೇವರ ಕಾಳಜಿಯೆಂದರೆ ಮೇಲಿನಿಂದ ಸುರಿಯುವ ಕರುಣೆಯೆಂದಷ್ಟೇ ಬಗೆದವನಿಗೆ ಈ ಓಟ ತಿಳಿಯದು. ಇಲ್ಲಿ ಕರುಣೆಯು ತನ್ನ ಮಾನವನ್ನು ಬದಿಗಿಟ್ಟು ಬೀದಿಗೆ ಇಳಿದಿದೆ.

ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. ಮಗನು ದಾರಿಯಲ್ಲಿ ಒಂದು ಮಾತನ್ನು ಸಿದ್ಧಪಡಿಸಿಕೊಂಡಿದ್ದನು. ಅದರಲ್ಲಿ ಮೂರು ಭಾಗ: ತಪ್ಪಿನ ಒಪ್ಪಿಗೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲವೆಂಬ ಮಾತು, ಕೂಲಿಯವನನ್ನಾಗಿ ಇಟ್ಟುಕೊಳ್ಳೆಂಬ ಬೇಡಿಕೆ. ತಂದೆಯ ಮುಂದೆ ಮೊದಲೆರಡು ಭಾಗಗಳು ಬರುತ್ತವೆ, ಮೂರನೆಯದು ಬರುವದಿಲ್ಲ. ಅಷ್ಟರಲ್ಲಿ ತಂದೆಯು ಆಳುಗಳ ಕಡೆಗೆ ತಿರುಗಿ ಉತ್ತಮವಾದ ನಿಲುವಂಗಿ, ಉಂಗುರ, ಕೆರ ತರಲು ಹೇಳುತ್ತಾನೆ. ಆಳುಗಳು ಬರಿಗಾಲಿನವರು, ಮಗನಿಗೆ ಕೆರ; ಕೂಲಿಯ ಮಾತು ಇಲ್ಲಿ ಸಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ? ತಪ್ಪೊಪ್ಪಿಗೆಯನ್ನು ಕೇಳಿಸಿಕೊಂಡ ತಂದೆಯು ಕೂಲಿಯ ಕರಾರನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಡಚ್ ಚಿತ್ರಕಾರ ರೆಂಬ್ರಾಂಟನು (೧೬೦೬-೧೬೬೯) ತನ್ನ ಬಾಳಿನ ಕೊನೆಗಾಲದಲ್ಲಿ ಈ ಪ್ರಸಂಗವನ್ನು ದೊಡ್ಡ ಚಿತ್ರವಾಗಿ ಬರೆದನು. ಅದು ರಶಿಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಮಗನು ಮೊಣಕಾಲೂರಿದ್ದಾನೆ, ಕೆರ ಸವೆದು ಹಿಮ್ಮಡಿ ಕಾಣುತ್ತಿದೆ. ಮುದುಕನ ಎರಡೂ ಕೈಗಳು ಅವನ ಬೆನ್ನ ಮೇಲಿವೆ. ಚಿತ್ರಕಾರನು ಓಟವನ್ನು ಬಿಟ್ಟು ಅದರ ಮುಂದಿನ ಗಳಿಗೆಯನ್ನು ಹಿಡಿದನು. ಮಾತು ಮುಗಿದು ಕೈಗಳಷ್ಟೇ ಉಳಿದ ಗಳಿಗೆಯದು.

೩

ಬಹಳ ಜನ ಓದುಗರು ಕಥೆಯನ್ನು ಇಲ್ಲಿಗೇ ಮುಗಿಸಿಬಿಡುತ್ತಾರೆ. ಆದರೆ ಹಿರಿಯ ಮಗನನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಅವನು ಕೆಟ್ಟವನಲ್ಲ. ಮಾತು ಮೀರಿದವನಲ್ಲ, ಹೊಲದಲ್ಲಿ ದುಡಿದು ದಣಿದು ಬಂದವನು. ಅವನ ದೂರಿನಲ್ಲಿ ನ್ಯಾಯವೂ ಇದೆ: ತನ್ನ ಗೆಳೆಯರಿಗಾಗಿ ಒಂದು ಆಡಿನ ಮರಿಯೂ ತನಗೆ ಸಿಕ್ಕಿಲ್ಲ. ಶಾಲೆಯಲ್ಲಿ ನಾವೆಲ್ಲ ಮೆಚ್ಚುವ ವಿದ್ಯಾರ್ಥಿ ಇವನೇ.

ಆದರೂ ಅವನ ಮಾತುಗಳನ್ನು ಕಿವಿಗೊಟ್ಟು ಕೇಳಬೇಕು. ತನ್ನ ದುಡಿತಕ್ಕೆ ಅವನು ಬಳಸುವ ಗ್ರೀಕ್ ಕ್ರಿಯಾಪದವು ಗುಲಾಮನ ದುಡಿತಕ್ಕೆ ಸಲ್ಲುವಂಥದು. ಕಿರಿಯನು ಕೂಲಿಯವನಾಗಲು ಸಿದ್ಧನಾಗಿ ಬಂದನು. ಹಿರಿಯನು ಮನೆಯಲ್ಲಿದ್ದುಕೊಂಡೇ ಗುಲಾಮನಾಗಿದ್ದನು. ಇಬ್ಬರೂ ತಂದೆಯನ್ನು ಧಣಿಯೆಂದು ಬಗೆದವರು. ಒಬ್ಬನು ಲೆಕ್ಕದಲ್ಲಿ ಸಾಲಗಾರ, ಇನ್ನೊಬ್ಬನು ಲೆಕ್ಕದಲ್ಲಿ ಬಾಕಿ ಬರಬೇಕಾದವನು. ತಂದೆಯು ಇಬ್ಬರ ಲೆಕ್ಕದ ಪುಸ್ತಕವನ್ನೂ ಒಪ್ಪಲಿಲ್ಲ. ಈ ಕಥೆಯು ಹೇಳಬೇಕೆಂದಿರುವ ಒಂದೇ ಮಾತು ಇದೆಂದು ನಮಗೆ ತೋರುತ್ತದೆ: ತಂದೆಯ ಕಾಳಜಿಯು ಮಗನ ಗಳಿಕೆಯಲ್ಲ.

ಇನ್ನೊಂದು ಅಂಶ. ಕಿರಿಯನು ಪಾಲು ಕೇಳುವಾಗಲೂ ತಿರುಗಿ ಬಂದಾಗಲೂ 'ತಂದೆಯೇ' ಎಂದು ಕರೆಯುತ್ತಾನೆ. ಹಿರಿಯನ ಬಾಯಲ್ಲಿ ಆ ಸಂಬೋಧನೆ ಒಮ್ಮೆಯೂ ಬರುವದಿಲ್ಲ. ಅವನು ತಮ್ಮನನ್ನು ತಮ್ಮನೆನ್ನದೆ 'ನಿನ್ನ ಮಗ' ಎಂಬಂತೆ ದೂರ ತಳ್ಳಿ ಮಾತಾಡುತ್ತಾನೆ. ತಂದೆಯು ಅವನನ್ನು ಮಗುವೆಂದೇ ಕರೆದು, ಬಂದವನು ನಿನ್ನ ತಮ್ಮನೆಂದು ನೆನಪಿಸುತ್ತಾನೆ. ಸಂಬಂಧವಾಚಕಗಳು ಕಡಿದುಹೋದ ಕಡೆಯಲ್ಲೆಲ್ಲ ಅವನ್ನು ಮತ್ತೆ ಕೂಡಿಸುವದೇ ತಂದೆಯ ಕೆಲಸವಾಗಿದೆ. ವ್ಯಾಕರಣ ಕಲಿಸುವವರು ಇದನ್ನು ಮಕ್ಕಳಿಗೆ ಅವಶ್ಯವಾಗಿ ತೋರಿಸಬೇಕು.

ನಮ್ಮ 'ತಂದೆ' ಶಬ್ದದ ಹುಟ್ಟೂ ಇಲ್ಲಿ ನೆರವಾಗುತ್ತದೆ. ಹಳೆಯ ತಮಿಳಿನಲ್ಲಿ ಎಂದೈ, ನುಂದೈ, ತಂದೈ ಎಂಬ ಮೂರು ರೂಪಗಳಿದ್ದವು: ನನ್ನ ತಂದೆ, ನಿನ್ನ ತಂದೆ, ತನ್ನ ತಂದೆ. ನಮ್ಮ 'ತಂದೆ'ಯು ಇದೇ ಬಳಗದ್ದು. ಎಂದರೆ ಆ ಶಬ್ದದೊಳಗೆ 'ತನ್ನ' ಎಂಬುದು ಮೊದಲೇ ಬೆರೆತಿದೆ. ಯಾರದೂ ಅಲ್ಲದ ತಂದೆಯು ಭಾಷೆಯಲ್ಲಿಯೇ ಇಲ್ಲ. ಹಿರಿಯ ಮಗನು ಕಳೆದುಕೊಂಡದ್ದು ಈ 'ತನ್ನ' ಎಂಬುದನ್ನೇ.

ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಕಥೆ ಹೇಳುವದಿಲ್ಲ. ಬಾಗಿಲು ತೆರೆದಿದೆ, ಒಳಗೆ ವಾದ್ಯ ಕೇಳುತ್ತಿದೆ, ತಂದೆಯು ಅಂಗಳದಲ್ಲಿ ನಿಂತಿದ್ದಾನೆ. ಯೇಸುವಿನ ಮುಂದೆ ಕುಳಿತು ಈ ಕಥೆ ಕೇಳಿದವರಲ್ಲಿ ತಾವು ತಪ್ಪಿಲ್ಲದವರೆಂದು ನಂಬಿದ ಶಾಸ್ತ್ರಿಗಳಿದ್ದರು. ಕಥೆಯ ಕೊನೆಯನ್ನು ಅವರೇ ಬರೆಯಬೇಕಾಗಿತ್ತು.

೪

ಇನ್ನು ನಮ್ಮ ಮೂಲಪ್ರಶ್ನೆಗೆ ಬರೋಣ. ಮನುಷ್ಯನಾದ ತಂದೆಗೂ ದೇವರಿಗೂ ಇರುವ ಹೋಲಿಕೆಯು ಎಂಥದು? ಅಲಂಕಾರಶಾಸ್ತ್ರದ ಭಾಷೆಯಲ್ಲಿ ಹೇಳಬೇಕಾದರೆ ಇದು ಬರಿಯ ಉಪಮೆಯಲ್ಲ. ಉಪಮೇಯವು ಉಪಮಾನಕ್ಕಿಂತ ಮಿಗಿಲೆಂದು ತೋರಿದಾಗ ಅದು ವ್ಯತಿರೇಕವೆನಿಸುತ್ತದೆ. ಮತ್ತಾಯನ ಸುವಾರ್ತೆಯ ೭ನೆಯ ಅಧ್ಯಾಯದಲ್ಲಿ ಯೇಸು ತನ್ನ ಕೇಳುಗರ ಅನುಭವವನ್ನೇ ಸಾಕ್ಷಿಗೆ ಕರೆಯುತ್ತಾನೆ. ಹಸಿದು ರೊಟ್ಟಿಗಾಗಿ ಕೈಯೊಡ್ಡಿದ ಮಗನ ಕೈಯಲ್ಲಿ ಕಲ್ಲನ್ನಿಡುವ ತಂದೆಯು ಇರಲಾರನು; ಕುಂದುಳ್ಳ ಮನುಷ್ಯರೇ ಇಷ್ಟು ಬಲ್ಲವರಾದರೆ ದೇವರ ವಿಷಯವನ್ನು ಹೇಳಬೇಕೇ ಎಂಬುದು ಅಲ್ಲಿಯ ವಾದ. ನಮ್ಮ ಶಾಸ್ತ್ರಕಾರರು ಇದನ್ನು ಕೈಮುತಿಕ ನ್ಯಾಯವೆನ್ನುತ್ತಾರೆ: ಇದೇ ಹೀಗಿರಲು ಅದರ ಮಾತೇನು!

ಈ ವಾದದಲ್ಲಿ ಒಂದು ದೊಡ್ಡ ಸಮಾಧಾನವಿದೆ. ದೇವರನ್ನು ಪ್ರತಿಬಿಂಬಿಸಲು ತಂದೆಯು ನಿರ್ದೋಷಿಯಾಗಿರಬೇಕಾಗಿಲ್ಲ. ಸಿಡುಕಿನವನು, ಬಡವನು, ಅಕ್ಷರ ಬಾರದವನು, ಮಗನ ತಲೆ ನೇವರಿಸಲು ನಾಚುವವನು, ಇಂಥವನೂ ಕನ್ನಡಿಯಾಗಬಲ್ಲನು. ೧೯೭೨ರ ಬರದಲ್ಲಿ ನಮ್ಮ ಸೊಲ್ಲಾಪುರ ಸೀಮೆಯ ಒಕ್ಕಲಿಗರು ಎತ್ತು ಮಾರಿ, ಬರಗಾಲದ ಕಾಮಗಾರಿಗೆ ಹೋಗಿ, ರಸ್ತೆಗೆ ಖಡಿ ಒಡೆದರು. ಆ ತಂದೆಗಳು ಮಕ್ಕಳಿಗೆ ಪ್ರೀತಿಯ ಮಾತನ್ನು ಎಷ್ಟು ಆಡಿದರೋ ಹೇಳಲಾಗದು. ಆದರೆ ಹಗಲೆಲ್ಲ ಕಲ್ಲಿನ ಮೇಲೆ ಬಡಿದ ಕೈಯಿಂದಲೇ ಸಂಜೆಗೆ ಮಕ್ಕಳ ರೊಟ್ಟಿ ಬಂದಿತು. ಸುವಾರ್ತೆಯ ಆ ಮಾತನ್ನು ನಮ್ಮ ಮಕ್ಕಳಿಗೆ ವಿವರಿಸಲು ಪರದೇಶದ ಉದಾಹರಣೆ ಏಕೆ ಬೇಕು? ಕಲ್ಲು ಒಡೆದು ರೊಟ್ಟಿ ತಂದ ಅಜ್ಜನು ಎಷ್ಟೋ ಮನೆಗಳಲ್ಲಿ ಇದ್ದಾನೆ.

೫

ಅಪರಿಚಿತವಾದ ಕಥೆಯನ್ನು ಅಳೆಯಲು ಪರಿಚಿತವಾದ ಕಥೆಯೊಂದು ಬೇಕು. ಸೊಲ್ಲಾಪುರದವರಿಗೆ ಅದು ಕೈಯಳತೆಯಲ್ಲಿದೆ. ಹದಿಮೂರನೆಯ ಶತಮಾನದ ರಾಘವಾಂಕನು 'ಸಿದ್ಧರಾಮ ಚಾರಿತ್ರ'ದಲ್ಲಿ ಸೊನ್ನಲಿಗೆಯ ಬಾಲಕನ ಕಥೆಯನ್ನು ಹೇಳಿದ್ದಾನೆ. ದನ ಕಾಯುವ ಹುಡುಗನ ಬಳಿಗೆ ಮಲ್ಲಯ್ಯನೆಂಬ ಜಂಗಮನು ಬಂದು ಉಣಿಸು ಬೇಡುತ್ತಾನೆ. ಹುಡುಗನು ಮನೆಗೆ ಓಡಿ ಹೋಗಿ ತರುವಷ್ಟರಲ್ಲಿ ಜಂಗಮನಿಲ್ಲ. 'ಮಲ್ಲಯ್ಯ' ಎಂದು ಅಳುತ್ತ, ಯಾತ್ರಿಕರ ಗುಂಪನ್ನು ಕೂಡಿಕೊಂಡು ಮಗುವು ಶ್ರೀಶೈಲಕ್ಕೆ ಹೋಗುತ್ತದೆ. ಅಲ್ಲಿ ತೋರಿಸಿದ ಲಿಂಗವನ್ನು ತನ್ನ ಮಲ್ಲಯ್ಯನೆಂದು ಒಪ್ಪುವದಿಲ್ಲ. ಹುಡುಕಿ ಹುಡುಕಿ ಕೊನೆಗೆ ಕಮರಿಗೆ ಬೀಳಹೋದಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿಯುತ್ತಾನೆ.

ಎರಡೂ ಕಥೆಗಳನ್ನು ಒಂದೇ ಎನ್ನುವದು ವಿಮರ್ಶೆಯಲ್ಲ. ಲೂಕನಲ್ಲಿ ಮಗನು ಬಿಟ್ಟು ಹೋಗುತ್ತಾನೆ, ತಂದೆಯು ಕಾಯುತ್ತಾನೆ. ರಾಘವಾಂಕನಲ್ಲಿ ದೇವರು ಮರೆಯಾಗುತ್ತಾನೆ, ಮಗುವು ಅರಸುತ್ತದೆ. ಅಲ್ಲಿ ತಪ್ಪುಂಟು, ಕ್ಷಮೆಯುಂಟು. ಇಲ್ಲಿ ತಪ್ಪೇ ಇಲ್ಲ, ಹಂಬಲ ಮಾತ್ರ. ಅಲ್ಲಿ ದೇವರನ್ನು ತಂದೆಯ ರೂಪದಲ್ಲಿ ಹೇಳಿದೆ. ಇಲ್ಲಿ ಹೆತ್ತ ತಂದೆ ಮುದ್ದುಗೌಡನು ಹಿಂದೆ ಸರಿದು ಆ ಎಡೆಯನ್ನು ದೇವರೇ ತುಂಬುತ್ತಾನೆ. ಇಷ್ಟು ಭೇದವಿದ್ದರೂ ಒಂದು ನೆಲೆಯಲ್ಲಿ ಎರಡೂ ಕೂಡುತ್ತವೆ. ಮಗನ ಸ್ವಂತ ಬಲವು ಮುಗಿದ ಎಡೆಯಲ್ಲಿಯೇ ಹಿಡಿಯುವ ಕೈ ಬರುತ್ತದೆ.

ಮುಂದಿನದು ಇನ್ನೂ ಮನನೀಯವಾಗಿದೆ. ಮಲ್ಲಿಕಾರ್ಜುನನು ಮಗುವನ್ನು ಶ್ರೀಶೈಲದಲ್ಲಿಯೇ ಇಟ್ಟುಕೊಳ್ಳಲಿಲ್ಲ. ಸೊನ್ನಲಿಗೆಗೆ ತಿರುಗಿ ಕಳಿಸಿದನು. ಕೈಹಿಡಿಸಿಕೊಂಡವನು ಬಂದು ಊರಿಗೆ ಕೆರೆ ಕಟ್ಟಿಸಿದನು. ಇಂದಿಗೂ ಸಂಕ್ರಾಂತಿಯ ಜಾತ್ರೆಗೆ ಹೋದವರು ನೀರಿನ ನಡುವಿನ ಆ ಗುಡಿಯನ್ನು ಕಾಣುತ್ತಾರೆ. ತಾನು ಪಡೆದ ಕಾಳಜಿಯನ್ನು ಸಿದ್ಧರಾಮನು ಊರಿನ ಬಾಯಾರಿಕೆಗೆ ಹಂಚಿದನು. ಪ್ರೀತಿಸುವ ತಂದೆಯು ದೇವರನ್ನು ಪ್ರತಿಬಿಂಬಿಸುತ್ತಾನೆಂಬ ಮಾತಿಗೆ ನಮ್ಮ ನೆಲದಲ್ಲಿ ಇಷ್ಟು ವಿಸ್ತಾರವಾದ ಅರ್ಥವಿದೆ.

೬

ಇಷ್ಟು ಹೇಳಿ ನಿಲ್ಲಿಸಿದರೆ ವಿಷಯದ ಕಠಿನವಾದ ಭಾಗವನ್ನು ಮುಚ್ಚಿಟ್ಟಂತಾಗುವದು. ಕಥೆಯಲ್ಲಿ ಓಡಿ ಬಂದ ತಂದೆಯು ಶಿಲುಬೆಯ ಬಳಿಗೆ ಓಡಿ ಬರಲಿಲ್ಲವೇಕೆ? ಯೇಸುವಿನ 'ಅಬ್ಬಾ' ಎಂಬ ಅರಮಾಯಿಕ್ ಸಂಬೋಧನೆಯು ನಾಲ್ಕು ಸುವಾರ್ತೆಗಳಲ್ಲಿ ಒಂದೇ ಕಡೆ, ಮಾರ್ಕನ ೧೪ನೆಯ ಅಧ್ಯಾಯದಲ್ಲಿ, ಉಳಿದುಬಂದಿದೆ. ಅದು ಮರಣದ ಹಿಂದಿನ ರಾತ್ರಿಯ ಪ್ರಾರ್ಥನೆ. ಬರಲಿರುವ ಸಂಕಟವು ತಪ್ಪಲಿ ಎಂಬ ಬೇಡಿಕೆ. ಬೇಡಿದುದು ದೊರೆಯಲಿಲ್ಲ. ಎಲ್ಲಕ್ಕೂ ಆಪ್ತವಾದ ಶಬ್ದವು ಎಲ್ಲಕ್ಕೂ ಕಠೋರವಾದ ಗಳಿಗೆಯಲ್ಲಿ ಬಂದಿದೆ.

ಈ 'ಅಬ್ಬಾ' ಎಂಬುದು ತೊದಲುವ ಕೂಸಿನ ಮಾತೆಂದು ಬೋಧಕರು ಬಹುಕಾಲ ಹೇಳುತ್ತಿದ್ದರು. ೧೯೮೮ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಅದು ಬೆಳೆದ ಮಕ್ಕಳೂ ಬಳಸುತ್ತಿದ್ದ ಮಾತೆಂದು ತೋರಿಸಿದರು. ಕನ್ನಡಿಗರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಮ್ಮ 'ಅಪ್ಪ'ನಿಗೂ ಅದಕ್ಕೂ ಇರುವ ಧ್ವನಿಸಾಮ್ಯವು ಆಕಸ್ಮಿಕ. ಆದರೆ ಬಳಕೆಯ ಸಾಮ್ಯ ನಿಜ. ಎಳೆಯ ಕೂಸೂ 'ಅಪ್ಪಾ' ಎನ್ನುತ್ತದೆ, ಅರವತ್ತರ ಮಗನೂ 'ಅಪ್ಪಾ' ಎನ್ನುತ್ತಾನೆ. ಸಿದ್ದಪ್ಪ, ಮಲ್ಲಪ್ಪ ಎಂದು ದೇವರ ಹೆಸರಿಗೂ ಅದನ್ನು ಹಚ್ಚುತ್ತೇವೆ. ತಾಯಿಯು ತನ್ನ ಮಗನನ್ನು ರಮಿಸುವಾಗಲೂ 'ನಮ್ಮಪ್ಪಾ' ಎನ್ನುತ್ತಾಳೆ. ಸಲಿಗೆಯೂ ಗೌರವವೂ ಒಂದೇ ಶಬ್ದದಲ್ಲಿ ನಿಲ್ಲಬಲ್ಲವು.

ಶಿಲುಬೆಯ ಮೇಲಿನ ಮಾತುಗಳಲ್ಲಿ ಸುವಾರ್ತೆಗಳು ಒಂದೇ ರೀತಿಯಾಗಿಲ್ಲ. ಮಾರ್ಕನಲ್ಲಿ ಕೇಳುವದು ಕೈಬಿಡಲ್ಪಟ್ಟವನ ಕೂಗು. ಅಲ್ಲಿ ಸಂಬೋಧನೆಯು ದೇವರಿಗೆ, ತಂದೆಯೆಂಬ ಶಬ್ದವಿಲ್ಲ. ಲೂಕನಲ್ಲಿ ಕೊಲ್ಲುವವರನ್ನು ಕ್ಷಮಿಸೆಂಬ ಬೇಡಿಕೆಯೂ ಪ್ರಾಣವನ್ನು ಒಪ್ಪಿಸುವ ಕೊನೆಯ ಮಾತೂ ತಂದೆಯನ್ನು ಕರೆದೇ ಬರುತ್ತವೆ. ಕ್ರೈಸ್ತರು ಎರಡನ್ನೂ ಉಳಿಸಿಕೊಂಡರು. ಒಂದನ್ನು ಅಳಿಸಿ ಇನ್ನೊಂದನ್ನು ಇಡಲಿಲ್ಲ. ಕೈಬಿಟ್ಟನೆಂದು ಕೂಗಿದವನೂ ಅವನೇ, ಕೈಯಲ್ಲಿ ಒಪ್ಪಿಸಿದವನೂ ಅವನೇ. ತಂದೆಯ ಕಾಳಜಿಯೆಂದರೆ ಸಂಕಟವೇ ಬಾರದಂತೆ ಮಾಡುವದೆಂಬ ಸುಲಭದ ಅರ್ಥವನ್ನು ಈ ಪ್ರಸಂಗವು ಮುರಿಯುತ್ತದೆ. ಮೂರನೆಯ ದಿನದ ಪುನರುತ್ಥಾನವೇ ತಂದೆಯ ಉತ್ತರವೆಂಬುದು ಕ್ರೈಸ್ತರ ನಂಬಿಕೆ. ಆದರೆ ಆ ಉತ್ತರಕ್ಕೆ ಮೊದಲು ಒಂದು ಶುಕ್ರವಾರವಿದೆ, ಅದನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ.

ಕನ್ನಡದಲ್ಲಿ ಈ ಶುಕ್ರವಾರವನ್ನು ಕಾವ್ಯವಾಗಿಸಿದವರು ಮಂಜೇಶ್ವರದ ಗೋವಿಂದ ಪೈಗಳು (೧೮೮೩-೧೯೬೩). ಯೇಸುವಿನ ಕಡೆಯ ದಿನವನ್ನು 'ಗೊಲ್ಗೊಥಾ'ದಲ್ಲಿ, ಬುದ್ಧನ ಕಡೆಯ ದಿನವನ್ನು 'ವೈಶಾಖಿ'ಯಲ್ಲಿ ಹಾಡಿದರು. ಅವರು ಕ್ರೈಸ್ತರಲ್ಲ, ಮನೆಮಾತು ಕೊಂಕಣಿ. ತಂದೆಗಾಗಿ ಮದ್ರಾಸಿನ ಓದನ್ನು ನಡುವೆಯೇ ಬಿಟ್ಟು ಊರಿಗೆ ಮರಳಿದ ಮಗ ಅವರು. ೧೯೫೬ರ ಪ್ರಾಂತರಚನೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆಗಳಂತೆ ಮಂಜೇಶ್ವರವೂ ಕನ್ನಡ ರಾಜ್ಯದ ಹೊರಗೆ ಉಳಿಯಿತು. ಗಡಿಯಾಚೆಯ ಕನ್ನಡಿಗನೊಬ್ಬನು ಪರಮತದ ದುಃಖವನ್ನು ತನ್ನ ಭಾಷೆಯ ದುಃಖವನ್ನಾಗಿ ಮಾಡಿಕೊಂಡನೆಂಬುದು ನಮಗೆ ಹೆಮ್ಮೆಯ ಮಾತು. ಹೊಣೆಯ ಮಾತೂ ಹೌದು.

೭

ಕೊನೆಯದಾಗಿ, ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಒಂದು ಮಗುವನ್ನು ನೆನೆಯಬೇಕು. ಅದಕ್ಕೆ ತಂದೆಯಿಲ್ಲ, ಅಥವಾ ಇದ್ದಾನೆ, ಕುಡಿದು ಬಂದು ಹೊಡೆಯುತ್ತಾನೆ, ಅಥವಾ ಕಬ್ಬು ಕಡಿಯಲು ಹೋದವನು ಆರು ತಿಂಗಳಿಂದ ಮನೆಗೆ ಬಂದಿಲ್ಲ. ದೇವರು ತಂದೆಯಂತೆ ಎಂದು ಹೇಳಿದರೆ ಆ ಮಗುವಿನ ಮನಸ್ಸಿನಲ್ಲಿ ಏಳುವ ಚಿತ್ರ ಯಾವುದು? ಕೆಟ್ಟ ತಂದೆಯು ಮಗುವಿನ ಮೈಯನ್ನು ಮಾತ್ರವಲ್ಲ, ಒಂದು ಶಬ್ದವನ್ನೂ ಗಾಯಗೊಳಿಸುತ್ತಾನೆ.

ಕ್ರೈಸ್ತಶಾಸ್ತ್ರಕ್ಕೆ ಇದರ ಅರಿವಿಲ್ಲದಿಲ್ಲ. ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಂದುವಂತೆ ಮಾಡಬಾರದೆಂದು ಪೌಲನ ಹೆಸರಿನ ಪತ್ರವು ಕೊಲೊಸ್ಸೆಯ ತಂದೆಗಳನ್ನೇ ಕುರಿತು ಎಚ್ಚರಿಸುತ್ತದೆ. ಎಫೆಸದವರಿಗೆ ಬರೆದ ಪತ್ರವು ಹೋಲಿಕೆಯ ದಿಕ್ಕನ್ನೇ ತಿರುಗಿಸಿ, ಲೋಕದ ಕುಲಗಳೆಲ್ಲ ದೇವರ ಪಿತೃತ್ವದಿಂದಲೇ ಹೆಸರು ಪಡೆದವೆನ್ನುತ್ತದೆ. ಮನೆಯ ತಂದೆಗೆ ಆ ಹೆಸರು ಸ್ವಂತದ್ದಲ್ಲ; ಎರವಲಾಗಿ ಬಂದುದು, ಉಳಿಸಿಕೊಳ್ಳಬೇಕಾದುದು. ಕನ್ನಡಿಯಲ್ಲಿ ಕಲೆಯಿದ್ದರೆ ಅದು ಮುಖದ ಕಲೆಯಲ್ಲ.

ತಂದೆಯೊಬ್ಬನೇ ಉಪಮಾನವೂ ಅಲ್ಲ. ಯೆಶಾಯನೆಂಬ ಪ್ರವಾದಿಯ ಗ್ರಂಥದಲ್ಲಿ ದೇವರು ಮಗುವನ್ನು ಸಂತೈಸುವ ತಾಯಿ. ಯೇಸು ತನ್ನನ್ನು ಮರಿಗಳನ್ನು ರೆಕ್ಕೆಯಡಿ ಕೂಡಿಸುವ ಕೋಳಿಗೆ ಹೋಲಿಸಿಕೊಂಡಿದ್ದಾನೆ. ನಮ್ಮ ನೆರೆಯ ಮರಾಠಿಯಲ್ಲಿ ರೆವರೆಂಡ್ ನಾರಾಯಣ ವಾಮನ ಟಿಳಕರು (೧೮೬೧-೧೯೧೯) ಕ್ರಿಸ್ತನನ್ನು ತಾಯಿಯೆಂದು ಅಭಂಗದ ಧಾಟಿಯಲ್ಲಿ ಹಾಡಿದರು. ನಮ್ಮ ಜಿಲ್ಲೆಯ ಪಂಢರಪುರದ ವಿಠ್ಠಲನನ್ನು ಭಕ್ತರು 'ಮಾವುಲಿ' ಎಂದು ಕರೆಯುತ್ತಲೇ ಬಂದಿದ್ದಾರೆ. ಒಂದು ಶಬ್ದ ಗಾಯಗೊಂಡ ಮಗುವಿಗೆ ಇನ್ನೊಂದು ಶಬ್ದ ಸಿಕ್ಕೀತು.

ಮತ್ತು ಶಿಕ್ಷಕನಿದ್ದಾನೆ. ಕೆಲವು ಮಕ್ಕಳು ಕಾಳಜಿಯ ದನಿಯನ್ನು ಮೊದಲು ಕೇಳುವದು ಶಾಲೆಯಲ್ಲಿಯೇ. ಆದುದರಿಂದ ಈ ಕಥೆಯನ್ನು ಹೇಳುವಾಗ ಹಂದಿಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲಬಾರದೆಂದು ನಾವು ವಿನಂತಿಸುತ್ತೇವೆ. ದಾರಿಯನ್ನು ತೋರಿಸಿರಿ, ದಾರಿಯ ಮೇಲೆ ನೆಟ್ಟ ಕಣ್ಣನ್ನು ತೋರಿಸಿರಿ, ಎತ್ತಿಕಟ್ಟಿದ ಧೋತರವನ್ನು ತೋರಿಸಿರಿ. ಹಿರಿಯ ಮಗನ ಬಳಿಗೆ ಬಂದಾಗ ಮೊದಲ ಸಾಲಿನ ಜಾಣ ಹುಡುಗರ ಕಡೆಗೂ ಒಮ್ಮೆ ನೋಡಿರಿ. ಅವನು ಒಳಗೆ ಹೋದನೇ ಎಂದು ಮಕ್ಕಳು ಕೇಳಿದರೆ ಉತ್ತರ ಕೊಡುವ ಅವಸರ ಬೇಡ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಸಾಕು.